ಸುಟ್ಟ ಗೆಣಸು, ಬೆಂದ ಆಲೂಗೆಡ್ಡೆ

ಅನಂತಮೂರ್ತಿಯವರು ಆ ಪ್ರಶ್ನೆಯನ್ನು ಮೊದಲು ಕೇಳಿದ್ದು ಧನ್ಯಾಳನ್ನೇ. ಹೋದ ಚಳಿಗಾಲದ ಡಿಸೆಂಬರಿನಲ್ಲಿ. ದೇಶದ ರಾಜಧಾನಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾಗಿ ಮಯೂರ್ ವಿಹಾರದಲ್ಲೇ ನೆಲೆಸಿದ್ದ ಅವರಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಹತ್ತಿರದ ಖಾಸಗಿ ಆಸ್ಪತ್ರೆಯ ಆಹಾರ ವಿಭಾಗದಲ್ಲಿ ಕನ್ನಡದ ಹುಡುಗಿಯೊಬ್ಬಳು ಡಯಟಿಷಿಯನ್ ಆಗಿದ್ದಾಳೆ ಎಂದು ತಿಳಿದ ಮೇಲೆ ಅವರು ಬೇರೆ ಭಾಷೆಯವರ ಮೇಜಿನ ಮುಂದೆ ಕೂತವರಲ್ಲ.

“ಆಲೂಗೆಡ್ಡೆ ಬಿಡಿ ಅಂದ್ರು ಡಾಕ್ಟರು, ಬಿಟ್ಟೆ. ಗೆಣಸು ತಿನ್ನಬಹುದೇನಮ್ಮ? ಚಳಿಗಾಲ ಬಂತು ಅಂದ್ರೆ ಮೆಟ್ರೋ ಮೆಟ್ಟಿಲು ಇಳಿಯೋದೇ ಕಷ್ಟ. ಎಲ್ಲಿ ನೋಡಿದರೂ ಸುಟ್ಟ ಗೆಣಸು ಮಾರುವ ಶಕರ್‌ಕಂದಿ ಗಾಡಿ.”

“ಎರಡೂ ಪಿಷ್ಟವೇ ಸಾರ್. ಎರಡೂ ಮಿತವಾಗಿರಲಿ,” ಎಂದಿದ್ದಳು ಧನ್ಯಾ. ಗೋಡೆಯ ಮೇಲಿನ ಪಟ್ಟಿಯನ್ನೂ ತೋರಿಸಿದ್ದಳು. ನೂರು ಗ್ರಾಂ ಆಲೂಗೆಡ್ಡೆಯಲ್ಲಿ ಇಷ್ಟು, ಗೆಣಸಿನಲ್ಲಿ ಇಷ್ಟು. ಗೆಣಸಿನಲ್ಲಿ ನಾರು ಸ್ವಲ್ಪ ಹೆಚ್ಚು, ಪಿಷ್ಟವೂ ಸ್ವಲ್ಪ ಹೆಚ್ಚು. ಅವರು ತಲೆಯಾಡಿಸಿ ಎದ್ದುಹೋಗಿದ್ದರು.

ಈ ಚಳಿಗಾಲದ ಆರಂಭದಲ್ಲಿ ಅದೇ ಪ್ರಶ್ನೆ ಹೊತ್ತು ಅವರು ಬಂದ ದಿನ ಧನ್ಯಾ ವಾರ್ಡಿನಲ್ಲಿದ್ದಳು. ಮೇಜಿನ ಬಳಿ ಇದ್ದವಳು ಕಿರಿಯ ಡಯಟಿಷಿಯನ್ ಅಮೂಲ್ಯ. ಅವಳು ಪಟ್ಟಿಯ ಕಡೆ ತಿರುಗಲಿಲ್ಲ.

“ನನಗೂ ಸರಿಯಾಗಿ ಗೊತ್ತಿಲ್ಲ ಅಂಕಲ್. ಒಂದು ಸಲ ನೋಡೇಬಿಡೋಣ,” ಎಂದಳು.

ಹಾಗೆಂದು ಸುಮ್ಮನಾಗಲಿಲ್ಲ. ನಾಲ್ಕೇ ದಿನದಲ್ಲಿ ಎರಡು ಪುಟ ಬರೆದು, ವಿಭಾಗದ ಮುಖ್ಯಸ್ಥೆ ಬಿಂದ್ರಾ ಮೇಡಂ ಮುಂದೆ ಇಟ್ಟಳು. ಆರೋಗ್ಯವಾಗಿರುವ ಹನ್ನೆರಡು ಮಂದಿ ಸಿಬ್ಬಂದಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ದಿನ ಇನ್ನೂರು ಗ್ರಾಂ ಆಲೂಗೆಡ್ಡೆ, ಇನ್ನೊಂದು ದಿನ ಇನ್ನೂರು ಗ್ರಾಂ ಗೆಣಸು. ತಿಂದ ಅರ್ಧ ಗಂಟೆಗೆ, ಒಂದು ಗಂಟೆಗೆ, ಎರಡು ಗಂಟೆಗೆ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವುದು. ಬಿಂದ್ರಾ ಮೇಡಂ ಓದಿ, ಕನ್ನಡಕ ತೆಗೆದು, “ಅರೇ ವಾಹ್!” ಎಂದರು. ನಾಲ್ಕು ವರ್ಷದಲ್ಲಿ ಧನ್ಯಾಳಿಗೆ ಒಮ್ಮೆಯೂ ಸಿಕ್ಕಿರದ ಮಾತು ಅದು.

ಅಮೂಲ್ಯಳನ್ನು ಆ ಆಸ್ಪತ್ರೆಗೆ ಕರೆತಂದವಳೇ ಧನ್ಯಾ. ಮೈಸೂರಿನ ಕಾಲೇಜಿನಲ್ಲಿ ಅವಳಿಗಿಂತ ಮೂರು ವರ್ಷ ಕಿರಿಯಳು, ಚಿತ್ರದುರ್ಗದವಳು. ಕೆಲಸ ಖಾಲಿ ಇದೆ ಎಂದು ತಿಳಿಸಿದ್ದು, ಅರ್ಜಿ ತಿದ್ದಿಕೊಟ್ಟದ್ದು, ಬಂದ ಮೇಲೆ ತನ್ನ ಬಾಡಿಗೆ ಮನೆಯ ಎರಡನೆಯ ಕೋಣೆಯನ್ನು ಬಿಟ್ಟುಕೊಟ್ಟದ್ದು ಎಲ್ಲ ಅವಳೇ. ಮೊದಲ ತಿಂಗಳು ಅಮೂಲ್ಯ ಮೆಟ್ರೋದಲ್ಲಿ ಅವಳ ದುಪಟ್ಟಾದ ತುದಿ ಹಿಡಿದೇ ನಿಲ್ಲುತ್ತಿದ್ದಳು. ತರಕಾರಿಯವನ ಹತ್ತಿರ “ಭಯ್ಯಾ, ಇದು... ಕಿತನಾ?” ಎಂದು ತಡವರಿಸಿ, ನಕ್ಕು, “ಧನ್ಯಕ್ಕ, ನೀವೇ ಕೇಳಿ,” ಎಂದು ಹಿಂದೆ ಸರಿಯುತ್ತಿದ್ದಳು. ಆ ದಿನಗಳಲ್ಲಿ ಧನ್ಯಾಳಿಗೆ ಅವಳ ಮೇಲೆ ನಿಜವಾದ ಅಕ್ಕರೆ ಇತ್ತು. ಅಕ್ಕ ಎನ್ನಿಸಿಕೊಳ್ಳುವುದು ಹಿತವಾಗಿತ್ತು.

ಆಮೇಲೆ ಅಮೂಲ್ಯ ಹಿಂದಿ ಕಲಿತಳು. ವ್ಯಾಕರಣ ಕಲಿಯಲಿಲ್ಲ, ಗಂಡಸನ್ನು ಹೆಂಗಸಾಗಿಸಿ, ಹೆಂಗಸನ್ನು ಗಂಡಸಾಗಿಸಿ, ಧೈರ್ಯವಾಗಿ ಮಾತಾಡಿದಳು. ಧನ್ಯಾಳದು ತಪ್ಪಿಲ್ಲದ ಹಿಂದಿ, ಆದರೆ ರೋಗಿಗಳು ನಗುತ್ತಿದ್ದುದು ಅಮೂಲ್ಯಳ ಹಿಂದಿಗೆ. ನಗುತ್ತಲೇ ಅವಳ ಮಾತು ಕೇಳಿ, ಅನ್ನ ಕಡಿಮೆ ಮಾಡುತ್ತಿದ್ದರು. ಸಂಕ್ರಾಂತಿ ಹತ್ತಿರವಾಗುವ ಹೊತ್ತಿಗೆ ನರ್ಸುಗಳು ಗಜಕ್ ಎಂಬ ಎಳ್ಳು ಬೆಲ್ಲದ ಮಿಠಾಯಿ ತಂದರೆ ಮೊದಲು ಹೋಗುತ್ತಿದ್ದುದು ಅವಳ ಮೇಜಿಗೆ. ಲ್ಯಾಬಿನ ಜೀವನ್, ಮಂಗಳೂರಿನವನು, ಮಧ್ಯಾಹ್ನ ಧನ್ಯಾಳ ಜೊತೆ ಡಬ್ಬಿ ಬಿಚ್ಚುತ್ತಿದ್ದವನು, ಈಗ ಬಾಗಿಲಲ್ಲೇ ನಿಂತು, “ಅಮೂಲ್ಯ ಬರಲಿಲ್ವಾ?” ಎನ್ನುತ್ತಿದ್ದ. ಅನಂತಮೂರ್ತಿಯವರೂ ಒಂದು ದಿನ ಧನ್ಯಾಳ ಎದುರು ಕೂತು, ಅತ್ತಿತ್ತ ನೋಡಿ, “ಆ ಚಿಕ್ಕ ಹುಡುಗಿ ಇಲ್ವೇನಮ್ಮ ಇವತ್ತು?” ಎಂದು ಕೇಳಿದರು. ಅಂದು ಅವರ ಚೀಟಿ ಬರೆಯುವಾಗ ಧನ್ಯಾಳ ಪೆನ್ನು ಕಾಗದ ಹರಿಯಿತು.

ತನಗೆ ಆಗುತ್ತಿರುವುದು ಏನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಅದು ಕಡಿಮೆಯಾಗುತ್ತಿರಲಿಲ್ಲ. ಅಮೂಲ್ಯ ಸ್ನಾನದ ಮನೆಯಲ್ಲಿ ಹಾಡಿಕೊಂಡರೆ ಸಿಟ್ಟು ಬರುತ್ತಿತ್ತು. ಹಾಡದಿದ್ದರೆ, ಫೋನಿನಲ್ಲಿ ಯಾರೋ ಹೊಗಳುತ್ತಿರಬೇಕು ಎನ್ನಿಸುತ್ತಿತ್ತು. ಅವಳ ತಾಯಿ ಚಿತ್ರದುರ್ಗದಿಂದ ಚಟ್ನಿಪುಡಿ ಕಳಿಸಿದಾಗ ಎರಡು ಪೊಟ್ಟಣ ಮಾಡಿ ಒಂದರ ಮೇಲೆ ‘ಧನ್ಯಾಗೆ’ ಎಂದು ಬರೆದಿದ್ದರು. ಧನ್ಯಾ ಅದನ್ನು ಬಿಚ್ಚದೆ ಡಬ್ಬಿಗಳ ಹಿಂದೆ ತಳ್ಳಿಬಿಟ್ಟಳು.

ಜನವರಿ ಮೊದಲ ವಾರ ಪರೀಕ್ಷೆ ಶುರುವಾಯಿತು. ತೂಕ ಮಾಡಿ, ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳುವ ಕೆಲಸ ಧನ್ಯಾಳದು. “ನಿಮ್ಮಷ್ಟು ನೀಟಾಗಿ ಯಾರು ಬರೀತಾರೆ ಧನ್ಯಕ್ಕ?” ಎಂದು ಅಮೂಲ್ಯಳೇ ಕೇಳಿಕೊಂಡಿದ್ದಳು. ಸೋಮವಾರ ಆಲೂಗೆಡ್ಡೆ. ಬೆಳಗಿನ ಹೊತ್ತು ಕ್ಯಾಂಟೀನಿನ ಒಲೆಗೆ ಬಿಡುವಿರುವುದಿಲ್ಲವೆಂದು ಅಡುಗೆಯವರು ಹಿಂದಿನ ಸಂಜೆಯೇ ಬೇಯಿಸಿ ಫ್ರಿಜ್ಜಿನಲ್ಲಿ ಇಟ್ಟಿದ್ದರು. ತಣ್ಣಗಿನ ತುಂಡುಗಳಿಗೆ ಉಪ್ಪು, ಮೆಣಸು ಉದುರಿಸಿ ಹನ್ನೆರಡು ಮಂದಿಯೂ ತಿಂದರು. ಜೀವನ್ ಬೆರಳು ಚುಚ್ಚಿದ.

ಗುರುವಾರ ಗೆಣಸು. ಕ್ಯಾಂಟೀನಿನವರು ಗೆಣಸು ಬೇಯಿಸುವವರಲ್ಲ. ಅಮೂಲ್ಯ ಮೆಟ್ರೋ ಗೇಟಿನ ಶಕರ್‌ಕಂದಿ ಭಯ್ಯಾನನ್ನು ಒಪ್ಪಿಸಿಬಿಟ್ಟಿದ್ದಳು. ಆತ ಮಂಜಿನಲ್ಲಿ ಮಫ್ಲರ್ ಸುತ್ತಿಕೊಂಡು, ಇದ್ದಿಲ ಕೆಂಡದಲ್ಲಿ ಸುಟ್ಟ ಗೆಣಸುಗಳನ್ನು ಗೋಣಿಚೀಲದಲ್ಲಿ ಬೆಚ್ಚಗೆ ಹೊದಿಸಿ ತಂದ. ಸಿಪ್ಪೆ ಸುಕ್ಕುಗಟ್ಟಿ, ಅಲ್ಲಲ್ಲಿ ಒಡೆದು, ಒಡೆದಲ್ಲಿ ಜೇನಿನಂಥ ಪಾಕ ಜಿನುಗಿತ್ತು.

ಆ ಪಾಕವನ್ನು ನೋಡಿದ ಕೂಡಲೇ ಧನ್ಯಾಳಿಗೆ ತಪ್ಪು ಹೊಳೆಯಿತು. ಕೆಂಡದಲ್ಲಿ ನಿಧಾನವಾಗಿ ಸುಟ್ಟರೆ ಗೆಣಸಿನ ಪಿಷ್ಟ ಅಲ್ಲೇ ಸಕ್ಕರೆಯಾಗತೊಡಗುತ್ತದೆ. ನೀರಿನಂಶ ಆರಿಹೋಗುವುದರಿಂದ ಅದೇ ಇನ್ನೂರು ಗ್ರಾಂನಲ್ಲಿ ಪಿಷ್ಟ ಸಕ್ಕರೆಗಳ ಪಾಲು ಹೆಚ್ಚುತ್ತದೆ. ಬೇಯಿಸಿ ತಣ್ಣಗಿಟ್ಟ ಆಲೂಗೆಡ್ಡೆಯದು ಇದಕ್ಕೆ ತಿರುಗುಮುರುಗು. ಅದರ ಪಿಷ್ಟ ಗಟ್ಟಿಗೊಂಡು ನಿಧಾನವಾಗಿ ಕರಗುತ್ತದೆ. ಇದು ಆಲೂಗೆಡ್ಡೆಗೂ ಗೆಣಸಿಗೂ ಹೋಲಿಕೆಯೇ ಅಲ್ಲ, ಫ್ರಿಜ್ಜಿಗೂ ಕೆಂಡಕ್ಕೂ ಹೋಲಿಕೆ. ಎರಡನ್ನೂ ಒಂದೇ ರೀತಿ ಬೇಯಿಸಿ, ಒಂದೇ ಬಿಸಿಯಲ್ಲಿ ಕೊಡಬೇಕಿತ್ತು.

ಹೇಳಬೇಕೆಂದೇ ಅವಳು ತಲೆಯೆತ್ತಿದಳು. ಕೋಣೆಯ ಆ ತುದಿಯಲ್ಲಿ ಅಮೂಲ್ಯ ಗೆಣಸಿನ ತಟ್ಟೆ ಹಂಚುತ್ತ ಏನೋ ಅಂದಳು. ಹನ್ನೆರಡು ಮಂದಿಯೂ ಒಟ್ಟಿಗೆ ನಕ್ಕರು. ಒಳಗೆ ಬಂದ ಬಿಂದ್ರಾ ಮೇಡಂ ಅವಳ ಭುಜ ತಟ್ಟಿ, ಧನ್ಯಾಳ ಕಡೆ ತಿರುಗಿ, “ಇಸ್ಸೇ ಸೀಖೋ, ಧನ್ಯಾ,” ಎಂದರು. ಇವಳಿಂದ ಕಲಿ.

ಧನ್ಯಾ ತಲೆ ಬಗ್ಗಿಸಿ ತಕ್ಕಡಿಯ ಅಂಕಿ ಓದಿದಳು. ದಾಖಲೆ ಪುಸ್ತಕದಲ್ಲಿ ಬರೆದಳು: ಗೆಣಸು, ಇನ್ನೂರು ಗ್ರಾಂ. ಹೇಗೆ ಬೆಂದದ್ದೆಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಅವಳು ಜಾಗ ಮಾಡಲೂ ಇಲ್ಲ.

ಫಲಿತಾಂಶ ಬಂತು. ತಿಂದ ಒಂದು ಗಂಟೆಗೆ ಆಲೂಗೆಡ್ಡೆಯ ಸರಾಸರಿ ನೂರಿಪ್ಪತ್ತೆಂಟು, ಗೆಣಸಿನದು ನೂರೈವತ್ತೊಂದು. ಆ ಸಂಜೆ ಮನೆಯಲ್ಲಿ ಅಮೂಲ್ಯ ಹಾಳೆಗಳನ್ನು ಹರಡಿಕೊಂಡು ಕೂತಿದ್ದಳು. ಧನ್ಯಾ ಹುರುಳಿಕಾಯಿ ಹೆಚ್ಚುತ್ತಿದ್ದಳು.

“ಧನ್ಯಕ್ಕ, ಎಲ್ಲ ಪುಸ್ತಕದಲ್ಲೂ ಗೆಣಸೇ ವಾಸಿ ಅಂತಿದೆ. ನಮ್ಮದು ಉಲ್ಟಾ ಬಂದಿದೆಯಲ್ಲ. ಎಲ್ಲಾದ್ರೂ ಎಡವಿದೀನಾ?”

ಧನ್ಯಾ ಹುರುಳಿಕಾಯಿಯ ನಾರು ಸುಲಿದು ಪಕ್ಕಕ್ಕಿಟ್ಟಳು.

“ಬಂದದ್ದನ್ನು ಬಂದ ಹಾಗೆ ಹೇಳಬೇಕು ಅಲ್ವಾ?” ಎಂದಳು ಧನ್ಯಾ.

“ಅದೂ ನಿಜ,” ಎಂದಳು ಅಮೂಲ್ಯ. ಅವಳ ದನಿಯಲ್ಲಿ ನಂಬಿಕೆ ಇತ್ತು.

ಧನ್ಯಾಳ ಲೆಕ್ಕಾಚಾರ ಸರಳವಾಗಿತ್ತು. ತಿಂಗಳ ಕೊನೆಗೆ ರೋಗಿಗಳಿಗಾಗಿ ನಡೆಯುವ ಆರೋಗ್ಯ ಸಭೆಯಲ್ಲಿ ಅಮೂಲ್ಯ ಇದನ್ನು ಹೇಳುತ್ತಾಳೆ. ಹಿರಿಯ ವೈದ್ಯರು ಕೂತಿರುತ್ತಾರೆ. ಯಾರೋ ಒಬ್ಬರು, ‘ಹೇಗೆ ಬೇಯಿಸಿದಿರಿ?’ ಎಂದು ಕೇಳುತ್ತಾರೆ. ಅಷ್ಟು ಸಾಕು. ತಾನು ಏನೂ ಮಾಡಬೇಕಾಗಿಲ್ಲ.

ಸಭೆಯ ದಿನ ಅವಳು ಕೊನೆಯ ಸಾಲಿನಲ್ಲಿ ಕೂತಳು. ಮುಂದೆ ಅನಂತಮೂರ್ತಿಯವರೂ ಅವರ ಹೆಂಡತಿ ವಾಸಂತಿಯವರೂ ಇದ್ದರು. ಅಮೂಲ್ಯ ಆಲೂಗೆಡ್ಡೆಗೊಂದು ಗಿಡ್ಡ, ಗೆಣಸಿಗೊಂದು ಎತ್ತರ ಎಂದು ಎರಡು ಕಂಬಗಳ ಚಿತ್ರ ತೋರಿಸಿ, “ನಮ್ಮ ಪರೀಕ್ಷೆಯಲ್ಲಿ ಗೆಣಸಿಗಿಂತ ಆಲೂ ಕಡಿಮೆ ಏರಿಸಿತು,” ಎಂದು ತನ್ನ ಹಿಂದಿಯಲ್ಲಿ ಹೇಳಿದಳು. “ಲೇಕಿನ್...” ಎಂದು ಮುಂದುವರಿಸುವ ಮೊದಲೇ ಸಭೆಯಲ್ಲಿ ಯಾರೋ, “ಆಲೂ ಜಿಂದಾಬಾದ್!” ಎಂದು ಕೂಗಿದರು. ಚಪ್ಪಾಳೆ ಬಿತ್ತು. ಹನ್ನೆರಡೇ ಮಂದಿಯ ಪರೀಕ್ಷೆ, ಇನ್ನೂ ನೋಡಬೇಕು ಎಂದು ಅವಳು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ವೈದ್ಯರಲ್ಲಿ ಒಬ್ಬರು ಫೋನು ನೋಡುತ್ತಿದ್ದರು, ಇನ್ನೊಬ್ಬರು ನಗುತ್ತಿದ್ದರು. ಯಾರೂ ಆ ಪ್ರಶ್ನೆ ಕೇಳಲಿಲ್ಲ.

ಧನ್ಯಾಳ ಕೈಗಳೂ ಚಪ್ಪಾಳೆ ತಟ್ಟಿದವು. ತಪ್ಪನ್ನೂ ಗೆಲುವಾಗಿಸಿಕೊಳ್ಳುವ ಅದೃಷ್ಟ ಅವಳೊಬ್ಬಳಿಗೇ ಯಾಕೆ? ಈಗ ಎದ್ದು ಹೇಳೋಣವೆಂದರೆ, ಅಂದೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ತನಗೇ ಬರುತ್ತದೆ. ಮರುದಿನ ಆ ಎರಡು ಕಂಬಗಳ ಚಿತ್ರ ಹೊರರೋಗಿಗಳ ವಿಭಾಗದ ಗೋಡೆಗೆ ಬಂತು. ಕೆಳಗೆ ಅಮೂಲ್ಯಳ ಹೆಸರು. ದಿನಕ್ಕೆ ಹತ್ತು ಸಲ ಧನ್ಯಾ ಅದರ ಮುಂದೆ ಹಾಯಬೇಕಾಗಿತ್ತು.

ಫೆಬ್ರವರಿ ಕೊನೆಯಲ್ಲಿ ಒಂದು ಬೆಳಿಗ್ಗೆ ಅನಂತಮೂರ್ತಿಯವರು ಕುಂಟುತ್ತ ಬಂದರು. ವಾಕಿಂಗ್ ಶೂ ಕಚ್ಚಿ ಬಲಗಾಲಿನ ಕಿರುಬೆರಳಿಗೆ ಬೊಕ್ಕೆ ಎದ್ದಿತ್ತು. ಎರಡು ವಾರವಾದರೂ ಮಾಯದೆ ಈಗ ಕೀವು ಕಟ್ಟಿತ್ತು. ಊಟದ ನಂತರದ ಸಕ್ಕರೆ ಮುನ್ನೂರ ಹದಿನೆಂಟು. ವೈದ್ಯರು ಅಂದೇ ಸೇರಿಸಿಕೊಂಡರು. ಊಟದ ವಿವರ ಬರೆದುಕೊಳ್ಳಲು ವಾರ್ಡಿಗೆ ಹೋದವಳು ಧನ್ಯಾ.

“ಏನು ತಿಂತಿದ್ರಿ ಸಾರ್?”

ಅವರು ಹೆಂಡತಿಯ ಕಡೆ ನೋಡಿದರು. ವಾಸಂತಿಯವರೇ ಹೇಳಿದರು. “ಬೆಳಿಗ್ಗೆ ಆಲೂ ಪರಾಠ. ಮಧ್ಯಾಹ್ನ ಆಲೂಗೆಡ್ಡೆ ಪಲ್ಯ. ಸಂಜೆ ನಡಿಗೆ ಮುಗಿಸಿ ಬರುವಾಗ ಮಾರ್ಕೆಟ್‌ನಲ್ಲಿ ಆಲೂ ಟಿಕ್ಕಿ. ಹನ್ನೊಂದು ವರ್ಷ ಬಾಯಿ ಕಟ್ಟಿದ್ದೆಲ್ಲ ಒಂದೇ ತಿಂಗಳಲ್ಲಿ ತೀರಿಸಿಕೊಂಡರು. ಬೇಡ ಅಂದ್ರೆ, ಆ ಹುಡುಗಿ ಟೆಸ್ಟ್ ಮಾಡಿ ತೋರಿಸಿದಾಳೆ ಕಣೇ, ಗೋಡೆ ಮೇಲೆ ಹಾಕಿದಾರೆ ಅಂತಾರೆ. ನಾನೇನು ಓದಿದವಳಾ, ಎದುರು ಹೇಳೋಕೆ?”

ಧನ್ಯಾ ಬರೆದುಕೊಂಡಳು. ಬ್ಯಾಂಡೇಜು ಸುತ್ತಿದ ಆ ಬೆರಳನ್ನು ನೋಡಿದಳು. ನೇರವಾಗಿ ತನ್ನ ವಿಭಾಗಕ್ಕೆ ಬಂದು, ಕಪಾಟಿನಿಂದ ದಾಖಲೆ ಪುಸ್ತಕ ತೆಗೆದು, ಬಿಂದ್ರಾ ಮೇಡಂ ಕೋಣೆಯ ಕಡೆ ನಡೆದಳು.

ಗಾಜಿನ ಬಾಗಿಲ ಆಚೆ ಮೇಡಂ ಫೋನಿನಲ್ಲಿದ್ದರು. ಹೊರಗೆ ಕಾಯುತ್ತ ಧನ್ಯಾ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಮೇಡಂ, ನನಗೆ ಮೊದಲಿಂದಲೂ ಅನುಮಾನವಿತ್ತು. ಚಿಕ್ಕವಳು, ಅನುಭವವಿಲ್ಲ. ಒಬ್ಬ ರೋಗಿಗೆ ಇಂಥ ಪರಿಸ್ಥಿತಿ ಬಂದಿದೆ. ಮಾತುಗಳು ಚೆನ್ನಾಗಿ ಕೂಡಿಬರುತ್ತಿದ್ದವು. ಕಾಲು ಹಗುರವಾಗಿತ್ತು. ಮಧ್ಯಾಹ್ನದೊಳಗೆ ಗೋಡೆಯ ಚಿತ್ರ ಇಳಿಯುತ್ತದೆ ಎಂದುಕೊಂಡಾಗ ಎದೆಯಲ್ಲಿ ಒಂದು ಖುಷಿ ಚಿಮ್ಮಿತು. ಆ ಖುಷಿಗೇ ಅವಳು ಬೆಚ್ಚಿದಳು. ವಾರ್ಡಿನಿಂದ ಇಲ್ಲಿಗೆ ಬರುವ ನಾಲ್ಕು ನಿಮಿಷದಲ್ಲಿ ಅನಂತಮೂರ್ತಿಯವರ ಬೆರಳು ಅವಳ ಮನಸ್ಸಿನಿಂದ ಜಾರಿಹೋಗಿತ್ತು. ಮಲಗಿದ್ದ ಮುದುಕರು ಅವಳಿಗೆ ಒಂದು ಸಾಕ್ಷಿಯಾಗಿ ಮಾತ್ರ ಉಳಿದಿದ್ದರು.

ಮೇಡಂ ಒಳಗಿನಿಂದ ಬಾ ಎಂದು ಕೈಸನ್ನೆ ಮಾಡಿದರು. ಧನ್ಯಾ ಏನೂ ಇಲ್ಲವೆಂದು ತಲೆಯಾಡಿಸಿ ಹಿಂದಿರುಗಿದಳು.

ಅಮೂಲ್ಯ ಊಟಕ್ಕೆ ಕೂರುತ್ತಿದ್ದಳು. ಜೀವನ್‌ನನ್ನು ಸ್ವಲ್ಪ ಹೊತ್ತು ಬಿಟ್ಟು ಬಾ ಎಂದು ಕಳಿಸಿ, ಧನ್ಯಾ ಅವಳ ಎದುರು ಕೂತು, ಎಲ್ಲ ಹೇಳಿದಳು. ಅನಂತಮೂರ್ತಿಯವರ ವಿಷಯ ಮೊದಲು. ಆಮೇಲೆ ಫ್ರಿಜ್ಜಿನ ಆಲೂಗೆಡ್ಡೆ, ಕೆಂಡದ ಗೆಣಸು.

ಅಮೂಲ್ಯ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಬಿಟ್ಟಳು. “ಅಯ್ಯೋ,” ಎಂದಳು. “ಅಯ್ಯೋ ದೇವರೇ. ನನಗೆ ಹೊಳೀಲೇ ಇಲ್ಲ. ಅಂಕಲ್ ಹೇಗಿದಾರೆ ಈಗ?”

“ಎರಡು ದಿನ ಇರಬೇಕು ಅಂದಿದಾರೆ. ಬೆರಳಿಗೇನೂ ಆಗಲ್ಲವಂತೆ.”

ಅಮೂಲ್ಯ ಎದ್ದವಳು ಮತ್ತೆ ಕೂತಳು. “ನಿಮಗೆ ಯಾವಾಗ ಗೊತ್ತಾಯ್ತು? ಇವತ್ತಾ?”

ಹೌದು ಎನ್ನಬಹುದಿತ್ತು.

“ಗೆಣಸು ಬಂದ ದಿನವೇ,” ಎಂದಳು ಧನ್ಯಾ.

“ನಾನು ಕೇಳಿದ್ನಲ್ಲ. ಮನೇಲಿ. ಎಡವಿದೀನಾ ಅಂತ ಕೇಳಿದ್ನಲ್ಲ ನಿಮ್ಮನ್ನ.”

“ಕೇಳಿದ್ದೆ.”

“ಮತ್ತೆ ಯಾಕೆ?”

ಧನ್ಯಾ ಮೇಜಿನ ಮೇಲಿನ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು. “ನಿನ್ನ ಕಂಡರೆ ನನಗೆ ಆಗ್ತಿರಲಿಲ್ಲ. ನೀನು ಏನೂ ಮಾಡಿಲ್ಲ. ನೀನು ಬಂದಮೇಲೆ ನನ್ನನ್ನು ಯಾರೂ ಹುಡುಕಲಿಲ್ಲ, ಅಷ್ಟೇ.”

ಅಮೂಲ್ಯಳ ಕಣ್ಣು ತುಂಬಿತು. ಅವಳು ಜಗಳವಾಡಲಿಲ್ಲ. ಡಬ್ಬಿ ಮುಚ್ಚಿ, ದಾಖಲೆ ಪುಸ್ತಕವನ್ನು ಎಳೆದುಕೊಂಡು ಹೊರಟುಹೋದಳು.

ಒಂದು ಗಂಟೆಯ ನಂತರ ಬಿಂದ್ರಾ ಮೇಡಂ ಧನ್ಯಾಳನ್ನು ಕರೆಸಿದರು. ಅಮೂಲ್ಯ ಒಳಗೇ ಇದ್ದಳು, ಮೂಗು ಕೆಂಪಾಗಿತ್ತು.

“ಇವಳು ಎಲ್ಲ ತನ್ನದೇ ತಪ್ಪು ಅಂತಿದಾಳೆ,” ಎಂದರು ಮೇಡಂ ಹಿಂದಿಯಲ್ಲಿ. “ತೂಕ ಮಾತ್ರ ಬರೆದುಕೊಳ್ಳೋಕೆ ನಿನಗೆ ಹೇಳಿದ್ದಳಂತೆ. ನಿನ್ನ ಕೈಯಲ್ಲಿ ಪುಸ್ತಕವಿತ್ತಲ್ಲ, ನಿನಗೇನೂ ಕಾಣಲಿಲ್ವಾ?”

ಧನ್ಯಾ ಅಮೂಲ್ಯಳನ್ನು ನೋಡಿದಳು. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ತನ್ನನ್ನು ಉಳಿಸಿದ್ದಾಳೆ. ಕೇಳದೆಯೇ, ಅಷ್ಟು ಅತ್ತ ಮೇಲೂ. ಧನ್ಯಾಳಿಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ. ಇಷ್ಟು ಒಳ್ಳೆಯವಳಾಗುವುದೂ ಇವಳಿಗೇ ಸುಲಭವೇ ಎಂಬ ಅದೇ ಹಳೆಯ ಉರಿ. ಆ ಉರಿ ಇದ್ದಂತೆಯೇ ಅವಳು ಬಾಯಿ ತೆರೆದಳು.

“ಕಂಡಿತ್ತು ಮೇಡಂ. ಮೊದಲ ದಿನವೇ ಕಂಡಿತ್ತು. ನಾನು ಹೇಳಲಿಲ್ಲ.”

ಮೇಡಂ ದಾಖಲೆ ಪುಸ್ತಕ ಮುಚ್ಚಿದರು. “ಜಲನ್?” ಎಂದರು. ಒಂದೇ ಮಾತು. ಹೊಟ್ಟೆಯ ಕಿಚ್ಚಿಗೆ ಹಿಂದಿಯವರೂ ಉರಿ ಎಂದೇ ಹೆಸರಿಟ್ಟಿದ್ದಾರೆ.

“ಜೀ,” ಎಂದಳು ಧನ್ಯಾ.

ಗೋಡೆಯ ಚಿತ್ರವನ್ನು ಮೇಡಂ ತಾವೇ ಹೋಗಿ ಕಿತ್ತರು. ಸಭೆಗೆ ಬಂದಿದ್ದ ಎಲ್ಲ ರೋಗಿಗಳಿಗೆ ಫೋನ್ ಮಾಡಿ ತಪ್ಪು ತಿಳಿಸುವ ಕೆಲಸವನ್ನು ಧನ್ಯಾಳಿಗೆ ವಹಿಸಿದರು. ತೊಂಬತ್ತಾರು ಜನ. ಪರೀಕ್ಷೆಯನ್ನು ಮತ್ತೆ ಮಾಡಬೇಕು, ಇಬ್ಬರೂ ಸೇರಿ ಮಾಡಬೇಕು, ಹೆಸರು ಅಮೂಲ್ಯಳದು ಮಾತ್ರ ಇರುತ್ತದೆ ಎಂದರು. ಮುಂದಿನ ವರ್ಷ ಧನ್ಯಾಳಿಗೆ ಬರಬಹುದಾಗಿದ್ದ ಬಡ್ತಿಯ ಮಾತನ್ನು ಅವರು ಎತ್ತಲಿಲ್ಲ. ಇನ್ನು ಎತ್ತುವುದೂ ಇಲ್ಲವೆಂದು ಇಬ್ಬರು ಹುಡುಗಿಯರಿಗೂ ಅರ್ಥವಾಯಿತು.

ಫೋನಿಗೆ ಮೊದಲು ಧನ್ಯಾ ವಾರ್ಡಿಗೆ ಹೋದಳು. ಅನಂತಮೂರ್ತಿಯವರ ಮಂಚದ ಪಕ್ಕ ನಿಂತೇ ಹೇಳಿದಳು. ವಾಸಂತಿಯವರು ಕಿತ್ತಳೆ ಸುಲಿಯುತ್ತಿದ್ದವರು ನಿಲ್ಲಿಸಿದರು.

“ಗೊತ್ತಿದ್ದೂ ಸುಮ್ಮನಿದ್ದೆಯಾ?” ಎಂದರು. “ನಮ್ಮ ಕಡೆಯ ಹುಡುಗಿ ಅಂತ ಎಷ್ಟು ನಂಬಿದ್ವಿ.”

“ಬಿಡೇ,” ಎಂದರು ಅನಂತಮೂರ್ತಿಯವರು. “ಟಿಕ್ಕಿ ತಿಂದವನು ನಾನು. ಎಣ್ಣೆಯಲ್ಲಿ ಹಾಕಿ ಕರಿಯಿರಿ ಅಂತ ಯಾರ ಪರೀಕ್ಷೆಯಲ್ಲೂ ಬರೆದಿರಲಿಲ್ಲ.” ನಗಲು ನೋಡಿದರು. “ಈಗ ಹೇಳು, ಗೆಣಸು ತಿನ್ನಬಹುದೋ ಇಲ್ಲವೋ?”

ಹೋದ ಚಳಿಗಾಲದಲ್ಲಿ ಕೇಳಿದಾಗ ಎರಡೇ ಮಾತಿನಲ್ಲಿ ಮುಗಿಸಿದ್ದ ಉತ್ತರವನ್ನು ಅವಳು ಈಗ ಕೂತು ಹೇಳಿದಳು. ಸುಟ್ಟದ್ದು ಬೇಡ, ಸಿಪ್ಪೆ ಸಮೇತ ನೀರಿನಲ್ಲಿ ಬೇಯಿಸಿ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದೊಂದು. ಅದನ್ನು ತಿಂದ ಹೊತ್ತು ಅನ್ನವೂ ಇಲ್ಲ, ಚಪಾತಿಯೂ ಇಲ್ಲ. ಜೊತೆಗೆ ಮೊಸರು, ಸೊಪ್ಪು. ಆಲೂಗೆಡ್ಡೆಯೂ ಅಷ್ಟೇ. ಯಾವುದು ಮೇಲು ಎನ್ನುವುದಕ್ಕಿಂತ ಎಷ್ಟು, ಹೇಗೆ ಬೆಂದದ್ದು, ಯಾವುದರ ಬದಲಿಗೆ ಎನ್ನುವುದು ಮುಖ್ಯ. ಅನಂತಮೂರ್ತಿಯವರು ಪ್ರತಿ ಮಾತಿಗೂ ತಲೆಯಾಡಿಸಿದರು. ವಾಸಂತಿಯವರು ಕೊನೆಯವರೆಗೂ ಅವಳ ಮುಖ ನೋಡಲಿಲ್ಲ. ಆಮೇಲೆ ಎಂದೂ ಅವರು ಅವಳ ಮೇಜಿಗೆ ಬರಲೂ ಇಲ್ಲ.

ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಅಡುಗೆ ಮಾಡಿಕೊಂಡರು. ಗ್ಯಾಸ್ ತೀರಿತು, ನೀರು ಬಂತು ಎನ್ನುವಷ್ಟೇ ಮಾತು. ಅಮೂಲ್ಯ ನೋಯ್ಡಾದಲ್ಲಿ ಕೋಣೆ ನೋಡುತ್ತಿದ್ದಾಳೆಂದು ಜೀವನ್ ಹೇಳಿದ. ಧನ್ಯಾ ಉಳಿದುಕೋ ಎನ್ನಲಿಲ್ಲ. ಹಾಗೆ ಹೇಳುವ ಹಕ್ಕು ತನಗಿದೆ ಎಂದು ಅವಳಿಗೆ ಅನ್ನಿಸಲಿಲ್ಲ.

ಮಾರ್ಚಿನ ಎರಡನೆಯ ವಾರ ಪರೀಕ್ಷೆ ಮತ್ತೆ ನಡೆಯಿತು. ಚಳಿ ಹೋಗಿ ಗೆಣಸಿನ ಗಾಡಿಗಳು ಕಡಿಮೆಯಾಗಿದ್ದವು. ಧನ್ಯಾ ಮುಂಜಾನೆಯೇ ತರಕಾರಿ ಮಂಡಿಗೆ ಹೋಗಿ ಒಂದೇ ಗಾತ್ರದವು ಆರಿಸಿ ತಂದಳು. ಕ್ಯಾಂಟೀನಿನವರನ್ನು ಒಪ್ಪಿಸಿ ಅಂದಂದು ಬೆಳಿಗ್ಗೆಯೇ ಬೇಯಿಸಿದರು, ಒಂದೇ ಪಾತ್ರೆ, ಒಂದೇ ಹೊತ್ತು. ಗೆಣಸಿನ ದಿನ ಕೋಣೆಯಲ್ಲಿ ಅದೇ ಹನ್ನೆರಡು ಮಂದಿ. ಅಮೂಲ್ಯ ತಟ್ಟೆಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ನರ್ಸೊಬ್ಬಳು ಏನೋ ತಮಾಷೆ ಮಾಡಿದಳು, ಅಮೂಲ್ಯ ತನ್ನ ತಪ್ಪು ಹಿಂದಿಯಲ್ಲಿ ಮಾರುತ್ತರ ಕೊಟ್ಟಳು, ಎಲ್ಲರೂ ನಕ್ಕರು. ಧನ್ಯಾ ಮುಂದಿನ ತಟ್ಟೆ ಎತ್ತಿಕೊಂಡಳು. ಆ ಹಳೆಯ ಉರಿ ಹೋಗಿರಲಿಲ್ಲ.

ಆರನೆಯ ತಟ್ಟೆ ಇಡುವಾಗ ಅವಳ ಕಣ್ಣಿಗೆ ಬಿತ್ತು: ಖಾಲಿ ತಟ್ಟೆಗೇ ತಕ್ಕಡಿ ಹದಿನೆಂಟು ಗ್ರಾಂ ತೋರಿಸುತ್ತಿತ್ತು. ಸೊನ್ನೆಗೆ ತಂದಿರಲಿಲ್ಲ, ಮೊದಲಿನ ತಟ್ಟೆಗಳಲ್ಲಿ ಗೆಣಸು ಅಷ್ಟು ಕಡಿಮೆ ಬಿದ್ದಿತ್ತು. ಆ ಐದು ತಟ್ಟೆಗಳನ್ನು ತೂಗಿ ಚೀಟಿ ಅಂಟಿಸಲು ಹೋಗಿದ್ದವಳು ಅಮೂಲ್ಯ.

“ಅಮೂಲ್ಯ,” ಎಂದು ಕರೆದಳು. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. “ತಕ್ಕಡಿ ಸರಿಯಿಲ್ಲ. ಮೊದಲಿನ ಐದೂ ಮತ್ತೆ ತೂಗಬೇಕು.”

ಅಮೂಲ್ಯ ಬಂದು ಬಗ್ಗಿ ನೋಡಿದಳು. ತಾನೇ ಗುಂಡಿ ಒತ್ತಿ ಸೊನ್ನೆಗೆ ತಂದಳು.

“ಕೊಡಿ,” ಎಂದು ಮೊದಲನೆಯ ತಟ್ಟೆಗೆ ಕೈ ಚಾಚಿದಳು.